ನಿವೇಶನ, ಸೂರು, ಸಾಲ: ಬಡವರ ಮನೆಯ ಕಥೆ

(ಸಾರ್ವಜನಿಕ ವಾಚನಾಲಯವೊಂದರ ಓದುಗರ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಲೇಖನ ರೂಪ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಗೊತ್ತು. ಈ ಗಾದೆಯಲ್ಲಿ ಕಷ್ಟಪಡುವವನು ಮನೆಯ ಯಜಮಾನ. ನೆರವಾಗುವವರು ಬಂಧುಬಳಗ, ಊರಿನ ಗೌಂಡಿ, ಬಡಗಿ, ಕೈಗಡ ಕೊಡುವ ನೆಂಟ. ಸರ್ಕಾರಕ್ಕೆ ಅದರಲ್ಲಿ ಜಾಗವೇ ಇಲ್ಲ. ನಮ್ಮ ಹಿರಿಯರ ಪಾಲಿಗೆ ಮನೆ ಎಂಬುದು ಕುಟುಂಬದ ವಿಷಯವಾಗಿತ್ತೇ ಹೊರತು ಸರ್ಕಾರದ ವಿಷಯವಾಗಿರಲಿಲ್ಲ.

ಇಂದು ಯಾವುದೇ ಗ್ರಾಮಸಭೆಗೆ ಹೋಗಿ ನೋಡಿ. ಕುಡಿಯುವ ನೀರಿನ ಚರ್ಚೆ ಹತ್ತು ನಿಮಿಷ ನಡೆದರೆ ಮನೆಯ ಚರ್ಚೆ ಒಂದು ಗಂಟೆ ನಡೆಯುತ್ತದೆ. ಇಂಥ ಸಭೆಗಳ ವರದಿ ಮಾಡುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ಪದೇ ಪದೇ ಕಿವಿಗೆ ಬೀಳುವ ಪದಗಳು ನಾಲ್ಕು: ನಿವೇಶನ, ಹಕ್ಕುಪತ್ರ, ಕಂತು, ಬಿಲ್ಲು. ನಾಲ್ಕೂ ಕಡತದ ಪದಗಳು. ಒಲೆ, ಹೊಸ್ತಿಲು, ಹಿತ್ತಲುಗಳ ಮನೆ ಕಡತದ ಮನೆಯಾದದ್ದು ಯಾವಾಗ? ಬಡವರಿಗೆ ಮನೆ ಒದಗಿಸಲು ಸರ್ಕಾರಗಳು ಯಾವ ಯಾವ ದಾರಿ ಹಿಡಿದವು? ಯಾವುದರಿಂದ ಯಾರಿಗೆ ಏನು ದಕ್ಕಿತು? ಇಂದು ಕರ್ನಾಟಕವನ್ನೇ ಮುಂದಿಟ್ಟುಕೊಂಡು ಇಷ್ಟನ್ನು ತಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ಪ್ಲೇಗು ತಂದ ಬಡಾವಣೆ

ನಮ್ಮಲ್ಲಿ ಸರ್ಕಾರ ಮನೆಯ ವಿಷಯಕ್ಕೆ ಕೈಹಾಕಿದ್ದು ಕನಿಕರದಿಂದ ಎನ್ನುವುದಕ್ಕಿಂತ ಭಯದಿಂದ ಎನ್ನುವುದು ಸರಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂತು. ಇಕ್ಕಟ್ಟಾದ ಓಣಿಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಇಲಿಗಳು ತುಂಬಿದ ದವಸದ ಮೂಲೆಗಳು ಜನರ ಪ್ರಾಣ ತೆಗೆಯುತ್ತಿವೆ ಎಂಬುದು ಆಡಳಿತಗಾರರಿಗೆ ಮನವರಿಕೆಯಾಯಿತು. ಅದೇ 1898ರಲ್ಲಿ ಮುಂಬಯಿಯಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. 1903ರಲ್ಲಿ ಮೈಸೂರು ನಗರಕ್ಕೆ ಇಂಥದ್ದೇ ಒಂದು ಟ್ರಸ್ಟ್ ಮಂಡಳಿ ಬಂತು. ಬೆಂಗಳೂರಿನಲ್ಲಿ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರವಾದ ರಸ್ತೆ, ಮನೆಗಳ ಹಿಂದೆ ಕಕ್ಕಸು ಶುಚಿ ಮಾಡುವವರು ಬರಲು ಕಿರಿದಾದ ಗಲ್ಲಿ, ಅಲ್ಲಲ್ಲಿ ಬಯಲು. ಇಂದು ಆ ಹಿಂಗಲ್ಲಿಗಳನ್ನು ನೋಡುವವರಿಗೆ ಅವು ಒಂದು ಸಾಂಕ್ರಾಮಿಕ ರೋಗದ ನೆನಪುಗಳು ಎಂದು ಹೊಳೆಯುವುದು ಕಷ್ಟ.

ಆದರೆ ಸರ್ಕಾರ ಇಲ್ಲಿ ಮನೆ ಕಟ್ಟಿಕೊಡಲಿಲ್ಲ. ಜಮೀನನ್ನು ಅಳೆದು, ಗೆರೆ ಎಳೆದು, ನಿವೇಶನ ಮಾಡಿಕೊಟ್ಟಿತು. ಕೈಯಲ್ಲಿ ಹಣ ಇದ್ದವರು ಕಟ್ಟಿಕೊಂಡರು. ಯಾವ ಭಾಗದಲ್ಲಿ ಯಾರಿಗೆ ಜಾಗ ಎಂಬುದರಲ್ಲಿ ಜಾತಿಯ ಲೆಕ್ಕಾಚಾರವೂ ಇತ್ತು. ಹಣವಿಲ್ಲದವರು ಹಳೆಯ ಓಣಿಗಳಲ್ಲೇ ಉಳಿದರು, ಇಲ್ಲವೇ ಊರಾಚೆ ಗುಡಿಸಲು ಹಾಕಿಕೊಂಡರು. ನಿವೇಶನ ಹಂಚುವುದೇ ವಸತಿ ನೀತಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಈ ಕಾಲದಲ್ಲಿ. 1945ರಲ್ಲಿ ಬಂದ ಬೆಂಗಳೂರು ನಗರ ಸುಧಾರಣಾ ಟ್ರಸ್ಟ್ ಮಂಡಳಿಯೂ 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ಮುಖ್ಯವಾಗಿ ಮಾಡುತ್ತ ಬಂದದ್ದು ಇದನ್ನೇ.

ಮಧ್ಯಮ ವರ್ಗಕ್ಕೆ ಇನ್ನೊಂದು ದಾರಿಯೂ ತೆರೆಯಿತು. 1909ರಲ್ಲಿ ಆರಂಭವಾದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯನ್ನು ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘ ಎಂದು ಗುರುತಿಸಲಾಗುತ್ತದೆ. ಹತ್ತು ಜನ ಸೇರಿ ಷೇರು ಹಣ ಹಾಕಿ ಸಾಲ ಎತ್ತಿ ಮನೆ ಮಾಡಿಕೊಳ್ಳುವ ಈ ಉಪಾಯ ಒಳ್ಳೆಯದೇ. ಆದರೆ ಷೇರು ಹಣ ಹಾಕಬಲ್ಲವನಿಗೆ ಮಾತ್ರ ಅದರ ಬಾಗಿಲು ತೆರೆದಿತ್ತು. ಮುಂದೆ ಈ ಸಂಘಗಳ ಹೆಸರಿನಲ್ಲಿ ರೈತರ ಜಮೀನು ಸ್ವಾಧೀನ ಮಾಡಿಕೊಳ್ಳುವಾಗ ದಲ್ಲಾಳಿಗಳು ನುಗ್ಗಿದರು. ಬೆಂಗಳೂರಿನ ಅಂಥ ಒಂದು ಸ್ವಾಧೀನವನ್ನು 1995ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ದೊಡ್ಡ ಸುದ್ದಿಯಾಯಿತು.

ಕಾರ್ಮಿಕನಿಂದ ಆರಂಭ

ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯ ಕಣ್ಣಿಗೆ ಮೊದಲು ಬಿದ್ದವನು ಕಾರ್ಖಾನೆಯ ಕಾರ್ಮಿಕ. 1952ರಲ್ಲಿ ಸಹಾಯಧನ ಸಹಿತ ಕೈಗಾರಿಕಾ ವಸತಿ ಯೋಜನೆ ಜಾರಿಗೆ ಬಂತು. 1954ರಲ್ಲಿ ಕಡಿಮೆ ವರಮಾನದವರಿಗೆ ಸಾಲ ಕೊಡುವ ಯೋಜನೆ, 1956ರಲ್ಲಿ ಕೊಳಚೆ ಪ್ರದೇಶ ನಿರ್ಮೂಲನೆಯ ಯೋಜನೆ, 1957ರಲ್ಲಿ ಗ್ರಾಮ ವಸತಿ ಯೋಜನೆ ಬಂದವು. ನಮ್ಮ ರಾಜ್ಯದಲ್ಲಿ ಮೈಸೂರು ಕಾರ್ಮಿಕ ವಸತಿ ನಿಗಮ ಎಂಬ ಸಂಸ್ಥೆ ಇತ್ತು. 1962ರ ಕಾಯ್ದೆಯ ಮೂಲಕ ಅದರ ಉತ್ತರಾಧಿಕಾರಿಯಾಗಿ ಗೃಹಮಂಡಳಿ ಸ್ಥಾಪನೆಯಾಯಿತು. ಇಂದಿನ ಕರ್ನಾಟಕ ಗೃಹಮಂಡಳಿಯ ಮೂಲ ಅದು. ಹೆಸರಿನಿಂದ ಕಾರ್ಮಿಕ ಎಂಬ ಪದ ಬಿದ್ದುಹೋದುದು ಆಕಸ್ಮಿಕವಿರಬಹುದು. ಆದರೆ ಕಾಲಕ್ರಮದಲ್ಲಿ ಮಂಡಳಿಯ ಮನೆಗಳನ್ನು ಕೊಳ್ಳುವವರಲ್ಲಿ ಸಂಬಳದಾರರೇ ಹೆಚ್ಚಾದರು.

1970ರಲ್ಲಿ ಕೇಂದ್ರ ಸರ್ಕಾರ ಹುಡ್ಕೊ ಸಂಸ್ಥೆಯನ್ನು ಆರಂಭಿಸಿತು. ವಸತಿ ಮಂಡಳಿಗಳಿಗೆ, ನಗರ ಪ್ರಾಧಿಕಾರಗಳಿಗೆ ಸಾಲ ಕೊಡುವುದು ಅದರ ಕೆಲಸ. ವರಮಾನಕ್ಕೆ ತಕ್ಕಂತೆ ಜನರನ್ನು ನಾಲ್ಕು ವರ್ಗ ಮಾಡಿ, ಕೆಳಗಿನವರಿಗೆ ಕಡಿಮೆ ಬಡ್ಡಿ, ಮೇಲಿನವರಿಗೆ ಹೆಚ್ಚು ಬಡ್ಡಿ ಎಂಬ ಪದ್ಧತಿ ರೂಢಿಗೆ ಬಂತು. ಇ.ಡಬ್ಲ್ಯೂ.ಎಸ್., ಎಲ್.ಐ.ಜಿ. ಎಂಬ ಅಕ್ಷರಗಳು ನಮ್ಮ ಊರುಗಳ ಮನೆಗಳ ಗೋಡೆಯ ಮೇಲೆ ಬಂದದ್ದು ಹೀಗೆ. ವಿಳಾಸ ಬರೆಯುವಾಗ ಮನೆಯ ನಂಬರಿನ ಜತೆಗೆ ಮನೆಯವರ ವರಮಾನದ ವರ್ಗವನ್ನೂ ಬರೆಯುವ ಪರಿಪಾಠ ಇನ್ನೂ ಇದೆ.

ಜಾಗವೆಂದರೆ ಬಿಡುಗಡೆ

ಈ ಕಥೆಗೆ ನಿಜವಾದ ತಿರುವು ಬಂದದ್ದು ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ. ಹಳ್ಳಿಯ ಕೂಲಿಕಾರನ ಗುಡಿಸಲು ಆಗ ಸಾಮಾನ್ಯವಾಗಿ ಬೇರೆಯವರ ಜಾಗದಲ್ಲಿರುತ್ತಿತ್ತು. ಒಡೆಯನ ಹೊಲದ ಬದುವಿನಲ್ಲೋ ತೋಟದ ಅಂಚಿನಲ್ಲೋ ಒಂದು ಗುಡಿಸಲು. ಒಡೆಯ ಕರೆದಾಗ ಕೆಲಸಕ್ಕೆ ಹೋಗದಿದ್ದರೆ ಕೂಲಿಯ ಜತೆಗೆ ಗುಡಿಸಲೂ ಹೋಗುತ್ತಿತ್ತು. ಹೀಗಾಗಿ ಅವನಿಗೆ ಸ್ವಂತದ ಒಂದು ತುಂಡು ಜಾಗ ಎಂದರೆ ಮಳೆ ಬಿಸಿಲಿನಿಂದ ರಕ್ಷಣೆ ಮಾತ್ರ ಆಗಿರಲಿಲ್ಲ. ಕೂಲಿ ಸಾಲದು ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಅದೇ ಆಗಿತ್ತು.

ನಿವೇಶನ ಹಂಚಲು ಜಮೀನು ಸ್ವಾಧೀನ ಮಾಡಿಕೊಳ್ಳುವುದಕ್ಕೆಂದೇ 1972ರ ಹೆಸರಿನ ಒಂದು ಕಾಯ್ದೆ ಬಂತು. 1974ರ ತಿದ್ದುಪಡಿಯಿಂದ ಬಿರುಸು ಪಡೆದ ಭೂಸುಧಾರಣೆ ಕಾಯ್ದೆಯಲ್ಲಿ ಉಳುವವನೇ ಹೊಲದೊಡೆಯ ಎಂಬ ಮಾತು ಪ್ರಸಿದ್ಧವಾಯಿತು. ಅದೇ ಕಾಯ್ದೆಯ 38ನೇ ಕಲಮು ಅಷ್ಟು ಪ್ರಸಿದ್ಧವಲ್ಲ. ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿ ಕೂಲಿಕಾರನಿಗೆ ಆ ಮನೆಯ ಜಾಗದ ಒಡೆತನ ಕೊಡುವ ಕಲಮು ಅದು. 1975ರಲ್ಲಿ ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲೂ ಭೂರಹಿತರಿಗೆ ನಿವೇಶನ ಸೇರಿಕೊಂಡಿತು. ನಗರಗಳಿಗಾಗಿ 1973ರ ಕೊಳಚೆ ಪ್ರದೇಶ ಕಾಯ್ದೆ ಬಂತು, 1975ರಲ್ಲಿ ಅದಕ್ಕೊಂದು ಮಂಡಳಿಯಾಯಿತು.

ಜನತಾ ಮನೆಗಳು ಎಂಬ ಹೆಸರು ಹಳ್ಳಿಗರ ಬಾಯಲ್ಲಿ ನಿಂತದ್ದು ಆ ಕಾಲದಲ್ಲಿ. ಒಂದು ಕುತೂಹಲದ ಸಂಗತಿ ಹೇಳುತ್ತೇನೆ. ನಮ್ಮ ಹಳ್ಳಿಗಳ ಅಂಚಿನಲ್ಲಿ ಒಂದು ಸುತ್ತು ಹಾಕಿದರೆ ರಾಜ್ಯದ ವಸತಿ ನೀತಿಯ ಇತಿಹಾಸವನ್ನು ಬೋರ್ಡುಗಳಲ್ಲೇ ಓದಬಹುದು. ಊರಿಗೆ ಹತ್ತಿರದಲ್ಲಿ ಜನತಾ ಕಾಲೋನಿ, ಅದರಾಚೆ ಇಂದಿರಾ ಕಾಲೋನಿ, ಇನ್ನೂ ಆಚೆ ಆಶ್ರಯ ಬಡಾವಣೆ. ವರ್ಷ ಕಳೆದಂತೆ ಬಡವರ ಮನೆ ಊರಿನಿಂದ ಒಂದೊಂದು ಹೆಜ್ಜೆ ದೂರ ಸರಿದಿರುವುದನ್ನು ಗಮನಿಸಬೇಕು. ಹತ್ತಿರದ ಜಾಗಕ್ಕೆ ಬೆಲೆ ಬಂದಂತೆ ಉಚಿತ ನಿವೇಶನಕ್ಕೆ ಸಿಗುವುದು ಗೋಮಾಳದ ಕಲ್ಲುಭೂಮಿ, ಗುಡ್ಡದ ಓರೆ ಅಥವಾ ಹಳ್ಳದ ದಂಡೆ.

ಸೂರಿನ ಯೋಜನೆಗಳು

ನಿವೇಶನ ಸಿಕ್ಕಿತು, ಆದರೆ ಅದರ ಮೇಲೆ ಕಟ್ಟುವುದು ಹೇಗೆ? ಎಂಬತ್ತರ ದಶಕದ ಯೋಜನೆಗಳು ಈ ಪ್ರಶ್ನೆಗೆ ಉತ್ತರ ಹುಡುಕಿದವು. 1985-86ರಲ್ಲಿ ಕೇಂದ್ರದ ಗ್ರಾಮೀಣ ಭೂರಹಿತರ ಉದ್ಯೋಗ ಕಾರ್ಯಕ್ರಮದ ಒಂದು ಭಾಗವಾಗಿ ಇಂದಿರಾ ಆವಾಸ್ ಯೋಜನೆ ಹುಟ್ಟಿತು. 1989ರಲ್ಲಿ ಅದು ಜವಾಹರ್ ರೋಜ್‌ಗಾರ್ ಯೋಜನೆಯ ಮಡಿಲು ಸೇರಿ, 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ರಾಜ್ಯದಲ್ಲಿ 1991-92ರಲ್ಲಿ ಆಶ್ರಯ ಯೋಜನೆ ಬಂತು. ಈ ಎಲ್ಲ ಯೋಜನೆಗಳ ಹಣಕಾಸು ನೋಡಿಕೊಳ್ಳಲು 2000ದ ಏಪ್ರಿಲ್‌ನಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಮುಂದೆ ಅಂಬೇಡ್ಕರ್, ಬಸವ, ದೇವರಾಜ ಅರಸು, ವಾಜಪೇಯಿ ಹೆಸರಿನ ಯೋಜನೆಗಳೂ ಬಂದವು. ಇಂದಿರಾ ಆವಾಸ್ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವಾಗಿ ರೂಪಾಂತರ ಹೊಂದಿತು. ಸರ್ಕಾರ ಬದಲಾದಂತೆ ಹೆಸರು ಬದಲಾಗುತ್ತದೆ. ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ.

ಆ ಯಂತ್ರ ಕೆಲಸ ಮಾಡುವುದು ಹೀಗೆ. ಹಳ್ಳಿಯಲ್ಲಿ ಗ್ರಾಮಸಭೆ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಫಲಾನುಭವಿಗಳನ್ನು ಆರಿಸುತ್ತವೆ. ಮಂಜೂರಾತಿ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೆ. ಹಣ ನಾಲ್ಕು ಹಂತಗಳಲ್ಲಿ ಬರುತ್ತದೆ: ತಳಪಾಯ, ಲಿಂಟಲ್, ಛಾವಣಿ, ಪೂರ್ಣ. ಒಂದು ಹಂತ ಮುಗಿದ ಮೇಲೆ ಪಂಚಾಯಿತಿಯವರು ಬಂದು ಮೊಬೈಲ್ ಫೋನಿನಲ್ಲಿ ಜಾಗದ ಗುರುತಿನೊಂದಿಗೆ ಚಿತ್ರ ತೆಗೆಯುತ್ತಾರೆ. ಅದು ನಿಗಮದ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಹಿಂದೆ ಕಟ್ಟದ ಮನೆಗೂ ಬಿಲ್ಲಾಗುತ್ತಿತ್ತು, ಮಧ್ಯವರ್ತಿಗಳ ಕೈ ದಾಟಿ ಹಣ ಬರುತ್ತಿತ್ತು. ಆ ದೂರುಗಳು ಈ ವ್ಯವಸ್ಥೆಯಿಂದ ಕಡಿಮೆಯಾಗಿವೆ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಇದರಲ್ಲಿ ಒಂದು ತೊಡಕಿದೆ. ಮೊದಲು ಕಟ್ಟಬೇಕು, ಆಮೇಲೆ ಹಣ. ತಳಪಾಯಕ್ಕೆ ಕಲ್ಲು, ಮರಳು, ಗೌಂಡಿಯ ಕೂಲಿ ಇವಕ್ಕೆಲ್ಲ ಮೊದಲು ಕೈಯಿಂದಲೇ ಹಾಕಬೇಕು. ಕೈಯಲ್ಲಿ ಇಲ್ಲದವನು ಬಡ್ಡಿಗೆ ತರುತ್ತಾನೆ. ಕಂತು ತಡವಾದರೆ ಬಡ್ಡಿ ಬೆಳೆಯುತ್ತದೆ, ಗೋಡೆ ನಿಲ್ಲುತ್ತದೆ. ಲಿಂಟಲ್ ಮಟ್ಟಕ್ಕೆ ನಿಂತು, ಮೇಲೆ ಹುಲ್ಲು ಹುಟ್ಟಿದ ಗೋಡೆಗಳನ್ನು ತಾವೂ ನೋಡಿರುತ್ತೀರಿ. ಅದರ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಮನೆಯವರು. ಹಳೆಯ ಗುಡಿಸಲನ್ನು ಕೆಡವಿದ್ದರಿಂದ ಅದೂ ಇಲ್ಲ, ಹೊಸದೂ ಇಲ್ಲ.

ಹಣದ ಲೆಕ್ಕ

ಇನ್ನು ಹಣದ ಲೆಕ್ಕಕ್ಕೆ ಬರೋಣ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ 2016ರಲ್ಲಿ ಬಯಲು ಸೀಮೆಯ ಒಂದು ಮನೆಗೆ ನಿಗದಿಯಾದ ಮೊತ್ತ 1.20 ಲಕ್ಷ ರೂಪಾಯಿ. ಕೇಂದ್ರ, ರಾಜ್ಯಗಳ ಪಾಲು 60:40. ಜತೆಗೆ ಶೌಚಾಲಯಕ್ಕೆ 12 ಸಾವಿರ ಮತ್ತು ಸುಮಾರು 90 ದಿನಗಳ ಉದ್ಯೋಗ ಖಾತರಿ ಕೂಲಿ. ಮನೆಯ ಅಳತೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಭಾಗಿಸಿ ನೋಡಿದರೆ ಚದರ ಅಡಿಗೆ 450 ರೂಪಾಯಿಗೂ ಕಡಿಮೆ. ಈ ದರಕ್ಕೆ ಮನೆ ಕಟ್ಟಿಕೊಡುವ ಗೌಂಡಿ ಎಲ್ಲಿದ್ದಾನೆಂದು ತಾವೇ ಹೇಳಬೇಕು. 2024ರಲ್ಲಿ ಇನ್ನೂ 2 ಕೋಟಿ ಗ್ರಾಮೀಣ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅದೇ 1.20 ಲಕ್ಷ.

ಮನೆಗೆ ಎಷ್ಟು ಬೇಕು ಎಂಬುದು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2019ರ ಪ್ರವಾಹದಲ್ಲಿ ಪೂರ್ತಿಯಾಗಿ ಬಿದ್ದ ಮನೆಗಳಿಗೆ ನಮ್ಮ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರ ತಲಾ 5 ಲಕ್ಷ ರೂಪಾಯಿ. ನೆರೆಯಲ್ಲಿ ಮನೆ ಕಳೆದುಕೊಂಡವನಿಗೆ ಅಷ್ಟು ಬೇಕು ಎಂದಾದರೆ ಎಂದೂ ಮನೆಯೇ ಇಲ್ಲದವನಿಗೆ ಅದರ ಕಾಲು ಭಾಗದಲ್ಲಿ ಹೇಗೆ ಮುಗಿಯುತ್ತದೆ?

ಇನ್ನೊಂದು ಹೋಲಿಕೆ. ಅದೇ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ 2015ರ ಜೂನ್ 25ರಂದು ಆರಂಭವಾಯಿತು. ಅದರಲ್ಲಿ ಗೃಹಸಾಲದ ಬಡ್ಡಿಗೆ ರಿಯಾಯಿತಿ ಕೊಡುವ ಒಂದು ಭಾಗವಿತ್ತು. ವರ್ಷಕ್ಕೆ 6 ಲಕ್ಷದವರೆಗೆ ವರಮಾನ ಇದ್ದವರಿಗೆ ಗರಿಷ್ಠ 2.67 ಲಕ್ಷ ರೂಪಾಯಿ ಲಾಭ. ಮಧ್ಯಮ ವರಮಾನದವರಿಗೂ 2021ರ ಮಾರ್ಚ್‌ವರೆಗೆ ಇದು ವಿಸ್ತರಣೆಯಾಗಿತ್ತು. ವರ್ಷಕ್ಕೆ 18 ಲಕ್ಷ ದುಡಿಯುವ ಕುಟುಂಬಕ್ಕೂ 2.30 ಲಕ್ಷದವರೆಗೆ ಸಿಗಬಹುದಿತ್ತು. ಗುಡಿಸಲಿನವನಿಗೆ 1.20 ಲಕ್ಷ, 18 ಲಕ್ಷ ದುಡಿಯುವವನಿಗೆ 2.30 ಲಕ್ಷ. ಎರಡೂ ಬಡವರ ವಸತಿ ಎಂಬ ಒಂದೇ ದೊಡ್ಡ ಶೀರ್ಷಿಕೆಯ ಕೆಳಗೆ! ಸಾಲದ ದಾರಿ ಹಿಡಿದ ನೀತಿ ಸಾಲ ಸಿಗುವವನ ಮನೆ ಬಾಗಿಲಿಗೇ ಹೋಗುತ್ತದೆ. ಸಂಬಳದ ಚೀಟಿ ಇಲ್ಲದ ಹಮಾಲಿಗೆ, ಮನೆಗೆಲಸದಾಕೆಗೆ, ತಳ್ಳುಗಾಡಿಯವನಿಗೆ ಬ್ಯಾಂಕಿನ ಬಾಗಿಲು ತೆರೆಯುವುದು ಕಷ್ಟ.

ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುವುದೂ ಉಂಟು. 2017ರಲ್ಲಿ ಜಿ.ಎಸ್.ಟಿ. ಬಂದಾಗಿನಿಂದ 2025ರ ಸೆಪ್ಟೆಂಬರ್‌ವರೆಗೆ ಸಿಮೆಂಟಿನ ಮೇಲೆ ಶೇ 28 ತೆರಿಗೆ ಇತ್ತು. ಆಮೇಲೆ ಅದು ಶೇ 18ಕ್ಕೆ ಇಳಿಯಿತು. ಫಲಾನುಭವಿ ಕೊಳ್ಳುವ ಮೂಟೆಗೂ ಬಹುಮಹಡಿ ಮಾಲಿನ ಮೂಟೆಗೂ ತೆರಿಗೆ ಒಂದೇ.

ಕಟ್ಟುವುದರಿಂದ ಕಟ್ಟಿಸುವುದಕ್ಕೆ

ನಗರದ ಕಥೆ ಬೇರೆ. 1976ರಲ್ಲಿ ಕೇಂದ್ರ ಸರ್ಕಾರ ನಗರ ಭೂಮಿತಿ ಕಾಯ್ದೆ ತಂದಿತು. ಬೆಂಗಳೂರಿನಂಥ ನಗರದಲ್ಲಿ ಖಾಲಿ ಜಾಗದ ಮಿತಿ 1,000 ಚದರ ಮೀಟರ್. ಹೆಚ್ಚಿನದನ್ನು ಸರ್ಕಾರ ಪಡೆದು ಬಡವರ ವಸತಿಗೆ ಬಳಸಬಹುದು ಎಂಬುದು ಆಶಯ. ಕಾಯ್ದೆಯಲ್ಲೇ ವಿನಾಯಿತಿಯ ಕಿಂಡಿಗಳಿದ್ದವು, ಕೋರ್ಟುಗಳಲ್ಲಿ ದಾವೆಗಳು ಬೆಳೆದವು. ಸಿಕ್ಕ ಜಮೀನು ಅತ್ಯಲ್ಪ. 1999ರಲ್ಲಿ ಸಂಸತ್ತು ಕಾಯ್ದೆಯನ್ನೇ ರದ್ದುಮಾಡಿತು, ಕರ್ನಾಟಕವೂ ಅದನ್ನು ಒಪ್ಪಿಕೊಂಡಿತು.

ಅಷ್ಟು ಹೊತ್ತಿಗೆ ಗಾಳಿಯೇ ತಿರುಗಿತ್ತು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಸ್ಥಾಪನೆಯಾಗಿತ್ತು. ತೊಂಬತ್ತರ ದಶಕದ ವಸತಿ ನೀತಿಗಳ ಸಾರ ಇಷ್ಟು: ಸರ್ಕಾರ ತಾನೇ ಕಟ್ಟುವುದಕ್ಕಿಂತ ಕಟ್ಟುವವರಿಗೆ ಅನುಕೂಲ ಮಾಡಿಕೊಡಬೇಕು. ಮುಂದೆ ಬಂದ ರಿಯಾಯಿತಿಗಳೆಲ್ಲ ಈ ದಾರಿಯವೇ. 2016ರಲ್ಲಿ ಕಡಿಮೆ ಬೆಲೆಯ ಮನೆ ಕಟ್ಟುವ ಕಂಪನಿಗಳ ಲಾಭಕ್ಕೆ ವರಮಾನ ತೆರಿಗೆ ವಿನಾಯಿತಿ ಘೋಷಣೆಯಾಯಿತು. 2017ರ ಬಜೆಟ್ಟಿನಲ್ಲಿ ಕೈಗೆಟುಕುವ ವಸತಿಗೆ ಮೂಲಸೌಕರ್ಯದ ಸ್ಥಾನಮಾನ ಸಿಕ್ಕಿತು. 2019ರ ಏಪ್ರಿಲ್‌ನಿಂದ ಇಂಥ ಮನೆಗಳಿಗೆ ಜಿ.ಎಸ್.ಟಿ. ಶೇ 1 ಎಂದಾಯಿತು. ಕೈಗೆಟುಕುವ ಎಂಬ ಪದಕ್ಕೆ ಅಲ್ಲಿ ಕೊಟ್ಟ ವ್ಯಾಖ್ಯೆ ಮಹಾನಗರದಲ್ಲಿ 60 ಚದರ ಮೀಟರ್, ಇತರೆಡೆ 90 ಚದರ ಮೀಟರ್, ಬೆಲೆ 45 ಲಕ್ಷ ರೂಪಾಯಿಯವರೆಗೆ. ಯಾರ ಕೈಗೆ ಎಟುಕುವ ಎಂಬ ಪ್ರಶ್ನೆಯನ್ನು ಈ ಪದ ಮುಚ್ಚಿಟ್ಟುಕೊಂಡಿದೆ. ಇದೇ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲರು ಎಂದರೆ ವರ್ಷಕ್ಕೆ 3 ಲಕ್ಷದೊಳಗಿನ ವರಮಾನದವರು. ಅವರು 45 ಲಕ್ಷದ ಮನೆಯ ಕಡೆ ಕತ್ತೆತ್ತಿ ನೋಡಬಹುದು, ಅಷ್ಟೆ.

ಖಾಸಗಿಯವರ ಸಹಭಾಗಿತ್ವದ ಇನ್ನೊಂದು ಮುಖವನ್ನು ಬೆಂಗಳೂರಿನ ಈಜಿಪುರ ತೋರಿಸಿತು. ಅಲ್ಲಿ ಪಾಲಿಕೆ ಬಡವರಿಗೆ ಕಟ್ಟಿಸಿದ್ದ ವಸತಿ ಸಮುಚ್ಚಯ ಕೆಲವೇ ವರ್ಷಗಳಲ್ಲಿ ಶಿಥಿಲವಾಯಿತು, ಕುಸಿತವೂ ಆಯಿತು. ಅದೇ ಜಾಗದ ಒಂದು ಭಾಗದಲ್ಲಿ ಖಾಸಗಿಯವರ ವಾಣಿಜ್ಯ ಕಟ್ಟಡ, ಇನ್ನೊಂದು ಭಾಗದಲ್ಲಿ ಬಡವರ ಮನೆ ಎಂಬ ಒಪ್ಪಂದವಾಯಿತು. 2013ರ ಜನವರಿಯಲ್ಲಿ ಅಲ್ಲಿನ ಶೆಡ್ಡುಗಳನ್ನು ನೆಲಸಮ ಮಾಡಿದಾಗ ಸುಮಾರು ಒಂದೂವರೆ ಸಾವಿರ ಕುಟುಂಬಗಳು ಬೀದಿಗೆ ಬಿದ್ದವು. ಬಡವನ ಮನೆ ಬಿದ್ದಾಗ ಅದರ ಕೆಳಗಿನ ನೆಲದ ಬೆಲೆ ಎದ್ದು ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕೊಳಗೇರಿ ಅಭಿವೃದ್ಧಿ ಮಂಡಳಿಯ ಬಹುಮಹಡಿ ಮನೆಗಳಲ್ಲಿ ತೊಡಕು ಬೇರೆ ಬಗೆಯದು. ಕೇಂದ್ರ ಕೊಡುವುದು ಮನೆಗೆ 1.5 ಲಕ್ಷ. ರಾಜ್ಯದ ಪಾಲು ಸೇರಿಸಿದ ಮೇಲೂ ಉಳಿಯುವ ಹಲವು ಲಕ್ಷ ಫಲಾನುಭವಿಯ ಪಾಲು. ಕೂಲಿಯವನಿಂದ ಅದು ಹುಟ್ಟಲಿಲ್ಲ, ಬ್ಯಾಂಕು ಕೊಡಲಿಲ್ಲ, ಕಟ್ಟಡಗಳು ಅರ್ಧಕ್ಕೆ ನಿಂತವು. ಕಡೆಗೆ 2023ರಲ್ಲಿ ರಾಜ್ಯ ಸರ್ಕಾರ ಆ ಪಾಲಿನ ಬಹುಭಾಗವನ್ನು ತಾನೇ ಹೊರಲು ತೀರ್ಮಾನಿಸಿತು. 2024ರಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳ ಹಂಚಿಕೆಯಾಯಿತು. ಬಡವನ ಪಾಲು ಬಡವನಿಂದ ಬರದು ಎಂಬ ಸರಳ ಸತ್ಯ ಕಡತಕ್ಕೆ ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಬೀಗ ಹಾಕಿದ ಮನೆಗಳು

ಮನೆಯ ಕೊರತೆ ಎಂದಾಗ ಮನಸ್ಸಿಗೆ ಬರುವುದು ಮರದ ಕೆಳಗೆ ಮಲಗಿದವರ ಚಿತ್ರ. 2012ರಲ್ಲಿ ಕೇಂದ್ರ ನೇಮಿಸಿದ ತಾಂತ್ರಿಕ ತಂಡ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದಿತು. ಅದರಲ್ಲಿ ಸುಮಾರು ಶೇ 80ರಷ್ಟು ಇಕ್ಕಟ್ಟಿನ ಕೊರತೆ. ಅಂದರೆ ಒಂದೇ ಕೋಣೆಯಲ್ಲಿ ತಂದೆ ತಾಯಿ, ಮದುವೆಯಾದ ಮಗ ಸೊಸೆ, ಮೊಮ್ಮಕ್ಕಳು. ಶೇ 95ಕ್ಕೂ ಹೆಚ್ಚು ಕೊರತೆ ಕೆಳಗಿನ ಎರಡು ವರಮಾನ ವರ್ಗಗಳದು. ಅದೇ ಸುಮಾರಿಗೆ, 2011ರ ಜನಗಣತಿಯಂತೆ, ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ! ಜನರಿಲ್ಲದ ಮನೆ ಒಂದು ಕಡೆ, ಮನೆ ಸಾಲದ ಜನ ಇನ್ನೊಂದು ಕಡೆ. ಕಟ್ಟುವುದನ್ನು ಹೆಚ್ಚಿಸಿದರೆ ಸಾಕು, ಮನೆ ತಾನಾಗಿ ಬಡವನಿಗೆ ತಲುಪುತ್ತದೆ ಎಂಬ ವಾದವನ್ನು ಈ ಎರಡು ಸಂಖ್ಯೆಗಳ ಎದುರು ಇಟ್ಟು ನೋಡಬೇಕು.

ಹಳ್ಳಿಯಲ್ಲಿ ಬೀಗ ಬೀಳುವ ಕಾರಣ ಬೇರೆ. 2009ರ ಭಾರಿ ಪ್ರವಾಹದ ಬಳಿಕ ಉತ್ತರ ಕರ್ನಾಟಕದಲ್ಲಿ ಆಸರೆ ಯೋಜನೆಯಡಿ ದಾನಿಗಳ ನೆರವಿನಿಂದ ಹೊಸ ಊರುಗಳನ್ನೇ ಕಟ್ಟಲಾಯಿತು. ಉದ್ದೇಶ ದೊಡ್ಡದು, ಕೆಲಸವೂ ಬೇಗ ನಡೆಯಿತು. ಆದರೆ ಎಷ್ಟೋ ಕಡೆ ಜನ ಹಳೆಯ ಊರಿನಲ್ಲೇ ಉಳಿದರು. ಹೊಸ ಮನೆಯಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಕಣಿಕೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಮಾಳಿಗೆ ಮನೆಯ ದಪ್ಪ ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪಾಗಿರುತ್ತಿತ್ತು, ಕಾಂಕ್ರೀಟಿನ ಪೆಟ್ಟಿಗೆ ಕಾಯುತ್ತದೆ. ನಕ್ಷೆ ಬರೆದವರು ಮನೆಯೆಂದರೆ ಮಲಗುವ ಜಾಗ ಎಂದುಕೊಂಡರು. ರೈತನಿಗೆ ಮನೆ ದುಡಿಯುವ ಜಾಗವೂ ಹೌದು.

ಇದಕ್ಕೆ ಪರಿಹಾರ ನಮ್ಮಲ್ಲೇ ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಒತ್ತಿ, ಸುಡದೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ನೆರೆಯ ಕೇರಳದಲ್ಲಿ ಲಾರಿ ಬೇಕರ್ ಸ್ಥಳೀಯ ಇಟ್ಟಿಗೆ, ಹೆಂಚುಗಳಿಂದ ಅಗ್ಗದ, ಚೆಂದದ ಮನೆ ಕಟ್ಟಿ ತೋರಿಸಿದರು. ಎಂಬತ್ತರ ದಶಕದಲ್ಲಿ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರದ ಕಲ್ಪನೆ ನಮ್ಮ ಜಿಲ್ಲೆಗಳಿಗೂ ಬಂತು. ಆದರೆ ಇವು ಬಡವರ ಮನೆಯ ಮುಖ್ಯ ದಾರಿಯಾಗಲಿಲ್ಲ. ಇಲಾಖೆಯ ಅಂದಾಜು ಪಟ್ಟಿಗೆ ಸಿಮೆಂಟು ಕಬ್ಬಿಣವೇ ಸಲೀಸು. ಜನರಿಗೂ ಮಣ್ಣು ಎಂದರೆ ಬಡತನದ ಗುರುತು, ಆರ್‌ಸಿಸಿ ಎಂದರೆ ಮರ್ಯಾದೆ. ಆ ಮರ್ಯಾದೆಯ ಆಸೆಯನ್ನು ಹಗುರವಾಗಿ ಕಾಣುವ ಹಕ್ಕು ಆರ್‌ಸಿಸಿ ಕೆಳಗೆ ಕುಳಿತ ನಮಗಿಲ್ಲ.

ಮನೆ ಇದೆ, ದಾಖಲೆ ಇಲ್ಲ

ಕೆಲವೊಮ್ಮೆ ಮನೆ ಇರುತ್ತದೆ, ಇಲ್ಲದಿರುವುದು ಕಾಗದ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕ್ಯಾಂಪುಗಳಲ್ಲಿ ತಲೆಮಾರುಗಳಿಂದ ಇರುವವರ ಹೆಸರಿನಲ್ಲಿ ಜಾಗದ ದಾಖಲೆ ಇರಲಿಲ್ಲ. ಕಂದಾಯದ ನಕ್ಷೆಯಲ್ಲಿ ಆ ಊರುಗಳೇ ಇರಲಿಲ್ಲ. ದಾಖಲೆ ಇಲ್ಲದವನಿಗೆ ಸಹಾಯಧನವಿಲ್ಲ, ಬ್ಯಾಂಕ್ ಸಾಲವಿಲ್ಲ. ಹಿಂದೆ ಹೇಳಿದ 38ನೇ ಕಲಮಿನ ಬೆನ್ನಿಗೆ 38ಎ ಎಂಬ ಕಲಮು 2016ರ ತಿದ್ದುಪಡಿಯಲ್ಲಿ ಸೇರಿತು. ವಾಸಿಸುವವನೇ ಮನೆಯೊಡೆಯ ಎಂಬ ಘೋಷಣೆ ಹುಟ್ಟಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಒಂದು ಪಕ್ಷದ ಸರ್ಕಾರ ತಂದ ಕಾನೂನಿನ ಫಲವನ್ನು ಇನ್ನೊಂದು ಪಕ್ಷದ ಸರ್ಕಾರ ಹಂಚಿತು. ಇಂಥ ಕೆಲಸಕ್ಕೆ ಇಟ್ಟಿಗೆ, ಸಿಮೆಂಟು ಬೇಕಿಲ್ಲ. ಆದರೂ ವಸತಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೊಂದಿಲ್ಲ. ನಾಳೆ ಎಬ್ಬಿಸುವುದಿಲ್ಲ ಎಂಬ ಭರವಸೆ ಸಿಕ್ಕವನು ತಾನೇ ವರ್ಷಕ್ಕೊಂದು ಗೋಡೆ ಎತ್ತುತ್ತಾನೆ.

ಮರೆತುಹೋದ ವಠಾರ

ನಮ್ಮ ನೀತಿಗಳು ಮರೆತ ಇನ್ನೊಬ್ಬ ವ್ಯಕ್ತಿ ಬಾಡಿಗೆದಾರ. ಬೆಂಗಳೂರು, ಮೈಸೂರಿನ ಹಿರಿಯರಿಗೆ ವಠಾರ ಗೊತ್ತು. ಒಂದು ಅಂಗಳ, ಸುತ್ತ ಪುಟ್ಟ ಪುಟ್ಟ ಮನೆ, ಎಲ್ಲರಿಗೂ ಒಂದು ನಲ್ಲಿ, ಜಗಳ ಮತ್ತು ಸ್ನೇಹ ಎರಡೂ ಧಾರಾಳ. ಗುಮಾಸ್ತ, ಮೇಷ್ಟ್ರು, ಮಿಲ್ಲಿನ ನೌಕರ ಅಲ್ಲಿ ಕಡಿಮೆ ಬಾಡಿಗೆಗೆ ಬದುಕು ಕಟ್ಟಿಕೊಂಡರು. ಅದಕ್ಕೆ ಯಾವ ಯೋಜನೆಯ ಹೆಸರೂ ಇರಲಿಲ್ಲ. ನೆಲದ ಬೆಲೆ ಏರಿದಂತೆ ವಠಾರಗಳು ಒಡೆದು ಅಪಾರ್ಟ್‌ಮೆಂಟುಗಳಾದವು. ಊರು ಬಿಟ್ಟು ದುಡಿಯಲು ಬಂದ ಗಾರ್ಮೆಂಟ್ಸ್ ಹುಡುಗಿಗೆ, ಕಟ್ಟಡ ಕಾರ್ಮಿಕನಿಗೆ ಸ್ವಂತ ಮನೆಗಿಂತ ಮೊದಲು ಬೇಕಾದದ್ದು ಕೆಲಸದ ಹತ್ತಿರ ಒಂದು ಶುಚಿಯಾದ ಬಾಡಿಗೆ ಕೋಣೆ. 2020ರಲ್ಲಿ ಲಾಕ್‌ಡೌನ್ ಆಗಿ ಅವರು ನಡೆದುಕೊಂಡೇ ಊರಿಗೆ ಹೊರಟಾಗ ದೇಶಕ್ಕೆ ಇದು ಕಂಡಿತು. ಅದೇ ಜುಲೈನಲ್ಲಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆಯೂ ಬಂತು. ಆದರೆ ಒಡೆತನದ ಮನೆಗಳ ಲೆಕ್ಕದ ಮುಂದೆ ಬಾಡಿಗೆ ಮನೆಯ ಲೆಕ್ಕ ಇಂದಿಗೂ ಅಡಿಟಿಪ್ಪಣಿಯಷ್ಟೇ. ಬಾಡಿಗೆ ಮನೆಯ ಬೀಗದ ಕೈ ಕೊಡುವ ಸಮಾರಂಭಕ್ಕೆ ಶಾಮಿಯಾನ ಹಾಕುವುದು ಕಷ್ಟವಲ್ಲವೇ?

ನಾವು ಕೇಳಬೇಕಾದದ್ದು

ಒಂದು ಶತಮಾನಕ್ಕೂ ಮೀರಿದ ಈ ಕಥೆಯನ್ನು ಮೂರು ಮಾತಿನಲ್ಲಿ ಹೇಳಬಹುದು. ಸರ್ಕಾರ ಮೊದಲು ನಿವೇಶನ ಕೊಟ್ಟಿತು, ಆಮೇಲೆ ಸೂರಿಗೆ ಹಣ ಕೊಟ್ಟಿತು, ಈಚೆಗೆ ಸಾಲಕ್ಕೂ ಕಟ್ಟುವವರಿಗೂ ರಿಯಾಯಿತಿ ಕೊಡುತ್ತಿದೆ. ಮೊದಲನೆಯದರಿಂದ ಬಡವನಿಗೆ ಕಾಲೂರುವ ಜಾಗ ಸಿಕ್ಕಿತು. ಎರಡನೆಯದರಿಂದ ಲಕ್ಷಾಂತರ ಗುಡಿಸಲುಗಳು ಗೋಡೆ ಕಂಡವು, ಆದರೆ ಹಣ ಸಾಲದೆ ಸಾಲಗಾರರೂ ಹೆಚ್ಚಿದರು. ಮೂರನೆಯದರ ಫಲ ಹೆಚ್ಚಾಗಿ ಅವನ ತಲೆಯ ಮೇಲಿಂದ ಹಾರಿಹೋಯಿತು.

ಆದ್ದರಿಂದ ವರ್ಷಕ್ಕೆ ಇಷ್ಟು ಲಕ್ಷ ಮನೆ ಮಂಜೂರು ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಯಲ್ಲೇ ಓದಿದರೂ ತಾವು ಅಲ್ಲಿಗೆ ನಿಲ್ಲಿಸಬಾರದು. ಕೇಳಬೇಕಾದ ಪ್ರಶ್ನೆಗಳಿವೆ. ಮಂಜೂರಾದದ್ದರಲ್ಲಿ ಛಾವಣಿ ಬಿದ್ದವು ಎಷ್ಟು? ಕಂತಿಗೂ ಕಂತಿಗೂ ನಡುವೆ ಎಷ್ಟು ತಿಂಗಳು ಕಳೆದವು? ಉಳಿದ ಹಣ ಮನೆಯವರು ಎಲ್ಲಿಂದ ತಂದರು, ಯಾವ ಬಡ್ಡಿಗೆ? ಮನೆಯಿಂದ ಕೆಲಸಕ್ಕೆ, ಶಾಲೆಗೆ, ನೀರಿಗೆ ದೂರ ಎಷ್ಟು? ಹಕ್ಕುಪತ್ರ ಕೈಗೆ ಬಂದಿದೆಯೇ, ಖಾತೆಯಾಗಿದೆಯೇ? ಈ ಪ್ರಶ್ನೆಗಳಿಗೆ ಉತ್ತರ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಸಿಗಬೇಕು. ಅಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಸಿಗಬೇಕು. ಎರಡಕ್ಕೂ ಪದವಿ, ಪಾಂಡಿತ್ಯ ಬೇಕಿಲ್ಲ.

ಸಭೆಯಲ್ಲಿ ಎದ್ದು ನಿಂತು ಕೇಳುವವರಿದ್ದ ಊರಿನಲ್ಲಿ ಗೋಡೆಗಳು ಬೇಗ ಮೇಲೇರುತ್ತವೆ. ಇದು ನನ್ನ ಅಲ್ಪಾವಧಿಯ ವೃತ್ತಿಯಲ್ಲಿ ನಾನು ಕಂಡುಕೊಂಡ ಸಂಗತಿ.